ಏಳು ವರ್ಷ ಬಳಸಿದ ಮೇಲೆ: ಮನೆಯ ಇಆರ್‌ವಿ ವಾತಾಯನ ಯಂತ್ರದ ವಿಮರ್ಶೆ

ನಮ್ಮ ಮನೆಯಲ್ಲಿ ಇಆರ್‌ವಿ, ಅಂದರೆ ಹೊರಹೋಗುವ ಗಾಳಿಯಿಂದ ಶಕ್ತಿಯನ್ನು ಮರಳಿ ಪಡೆಯುವ ವಾತಾಯನ ಯಂತ್ರ, ಓಡತೊಡಗಿ ಏಳು ವರ್ಷಗಳಾದವು. ಇಂಥ ಯಂತ್ರದ ಗುಣದೋಷಗಳು ತಿಳಿಯುವುದು ಫಿಲ್ಟರುಗಳು ಹತ್ತಾರು ಸಲ ಬದಲಾಗಿ, ಒಂದೆರಡು ಭಾಗಗಳು ಸವೆದ ನಂತರವೇ ಆದ್ದರಿಂದ ಇಷ್ಟು ಕಾಲ ಕಾದು ಬರೆಯುತ್ತಿದ್ದೇನೆ.

ಮನೆಯನ್ನು ನವೀಕರಿಸಿದಾಗ ಗೋಡೆಗಳಿಗೆ ಶಾಖನಿರೋಧಕ ಪದರ, ಕಿಟಕಿಗಳಿಗೆ ಜೋಡಿ ಗಾಜು, ಸಂದುಗಳಿಗೆಲ್ಲ ರಬ್ಬರ್ ಪಟ್ಟಿ ಹಾಕಿಸಿದ್ದೆವು. ವಿದ್ಯುತ್ ಖರ್ಚು ಇಳಿಯಿತು. ಅದರ ಬೆನ್ನಿಗೇ ಬೆಳಗಿನ ತಲೆಭಾರ, ಗಾಜಿನ ಮೇಲೆ ಇಳಿಯುವ ನೀರು, ಬೀರುವಿನ ಹಿಂದೆ ಬೂಷ್ಟು ಕಾಣಿಸಿಕೊಂಡವು. ಇಬ್ಬರು ಮಲಗುವ ಕೋಣೆಯಲ್ಲಿ ಬಾಗಿಲು ಹಾಕಿದ ರಾತ್ರಿ ಇಂಗಾಲದ ಡೈಆಕ್ಸೈಡ್ 2,100 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ ಅಷ್ಟು ಪಾಲು) ಮುಟ್ಟುತ್ತಿತ್ತು. ಹೊರಗಿನ ಗಾಳಿಯಲ್ಲಿ ಅದು ಸುಮಾರು 420 ಇರುತ್ತದೆ. ಕೋಣೆಯ ಗಾಳಿ ಹಳಸಿದೆ ಎನ್ನಲು 1,000ದ ಗಡಿಯನ್ನು ಜರ್ಮನಿಯ ಆರೋಗ್ಯ ವಿಜ್ಞಾನಿ ಮ್ಯಾಕ್ಸ್ ಫಾನ್ ಪೆಟೆನ್‌ಕೋಫರ್ 1858ರಲ್ಲೇ ಸೂಚಿಸಿದ್ದರು. ಈ ಮಟ್ಟದಲ್ಲಿ ಆ ಅನಿಲವೇ ವಿಷವೆಂದಲ್ಲ. ಉಸಿರು, ಬೆವರು, ಪೀಠೋಪಕರಣಗಳಿಂದ ಹೊರಬೀಳುವ ಉಳಿದೆಲ್ಲವೂ ಕೋಣೆಯಲ್ಲೇ ನಿಂತಿವೆ ಎಂಬುದಕ್ಕೆ ಅದು ಗುರುತು. ಯಂತ್ರ ಬಂದ ಮೇಲೆ ಅದೇ ಕೋಣೆಯಲ್ಲಿ ರಾತ್ರಿಯ ಅಂಕಿ 850ರ ಆಸುಪಾಸಿನಲ್ಲಿದೆ, ಬೂಷ್ಟು ಮತ್ತೆ ಕಾಣಿಸಿಲ್ಲ.

ಕಿಟಕಿ ತೆರೆದರೆ ಸಾಲದೇ ಎಂದು ಬಹಳ ಮಂದಿ ಕೇಳುತ್ತಾರೆ. ಆ ಪ್ರಶ್ನೆಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಒಂದು ಘನ ಮೀಟರ್ ಗಾಳಿಯನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 0.33 ವ್ಯಾಟ್-ಗಂಟೆ ಬೇಕು. ನಮ್ಮ ಮನೆಗೆ ಗಂಟೆಗೆ 150 ಘನ ಮೀಟರ್ ಹೊಸ ಗಾಳಿ ಬರುತ್ತದೆ. ಒಳಗಿಗಿಂತ ಹೊರಗೆ 20 ಡಿಗ್ರಿ ತಣ್ಣಗಿರುವ ದಿನ ಅಷ್ಟನ್ನೂ ಕಿಟಕಿಯಿಂದಲೇ ಪಡೆದರೆ ಸುಮಾರು 1,000 ವ್ಯಾಟ್ ಶಾಖ ನಿರಂತರವಾಗಿ ಹೊರಗೆ ಸೋರುತ್ತದೆ. ಯಂತ್ರದೊಳಗೆ ಹೋಗುವ ಗಾಳಿ ಮತ್ತು ಬರುವ ಗಾಳಿ ತೆಳುವಾದ ಪೊರೆಗಳ ಎರಡು ಬದಿಯಲ್ಲಿ ಎದುರುಬದುರಾಗಿ ಹರಿಯುವುದರಿಂದ ಅದರಲ್ಲಿ ಸುಮಾರು 800 ವ್ಯಾಟ್ ಮರಳಿ ಮನೆಗೇ ಸೇರುತ್ತದೆ, ಅದಕ್ಕಾಗಿ ಎರಡು ಫ್ಯಾನ್‌ಗಳು ಬಳಸುವುದು 45 ವ್ಯಾಟ್. ದಿನಕ್ಕೆ ಒಂದು ಯೂನಿಟ್‌ಗಿಂತ ತುಸು ಹೆಚ್ಚು. ತೀರ ಕಡಿಮೆ ಶಕ್ತಿಯಲ್ಲಿ ನಡೆಯುವ ಮನೆಗಳಿಗಾಗಿ ಇರುವ ಪ್ಯಾಸಿವ್ ಹೌಸ್ ಮಾನದಂಡ ಇಂಥ ಯಂತ್ರಗಳಿಂದ ಕನಿಷ್ಠ ಶೇಕಡ 75ರಷ್ಟು ಶಾಖದ ಮರುಗಳಿಕೆಯನ್ನೂ ಪ್ರತಿ ಘನ ಮೀಟರ್ ಗಾಳಿಗೆ 0.45 ವ್ಯಾಟ್-ಗಂಟೆ ಮೀರದ ವಿದ್ಯುತ್ ಬಳಕೆಯನ್ನೂ ಕೇಳುತ್ತದೆ. ನಮ್ಮದು ಎರಡರಲ್ಲೂ ಒಳಗೇ ಇದೆ.

ಆದರೆ ಮಾರುವವರು ಈ ಲೆಕ್ಕದ ಇನ್ನೊಂದು ತುದಿಯನ್ನು ಹೇಳುವುದಿಲ್ಲ. ಒಳಗೂ ಹೊರಗೂ ಮೂರು ನಾಲ್ಕು ಡಿಗ್ರಿ ಅಂತರ ಮಾತ್ರ ಇರುವ ದಿನಗಳಲ್ಲಿ ಮರಳಿ ಸಿಗುವ ಶಾಖ ಸುಮಾರು 140 ವ್ಯಾಟ್. ಮನೆಯನ್ನು ಬಿಸಿ ಮಾಡುವುದು ಹೀಟ್ ಪಂಪ್ (ಹೊರಗಿನ ಶಾಖವನ್ನು ಒಳಗೆಳೆದು, ತಾನು ಬಳಸುವ ವಿದ್ಯುತ್ತಿನ ಕೆಲವು ಪಟ್ಟು ಶಾಖ ಕೊಡುವ ಯಂತ್ರ) ಆಗಿದ್ದರೆ ಆ ಶಾಖಕ್ಕೆ ಅದು ತೆಗೆದುಕೊಳ್ಳುವ ವಿದ್ಯುತ್ ಹೆಚ್ಚುಕಡಿಮೆ ನಮ್ಮ ಫ್ಯಾನ್‌ಗಳು ನುಂಗುವಷ್ಟೇ. ಅಂಥ ಹವೆಯಲ್ಲಿ ನಾವು ಯಂತ್ರವನ್ನು ನಿಲ್ಲಿಸಿ ಕಿಟಕಿ ತೆರೆಯುತ್ತೇವೆ. ಇನ್ನೊಂದು ತಪ್ಪು ತಿಳಿವಳಿಕೆ ತೇವಾಂಶದ್ದು. ಎಚ್‌ಆರ್‌ವಿ ಎಂಬ ಇದೇ ಬಗೆಯ ಯಂತ್ರ ಶಾಖವನ್ನಷ್ಟೇ ದಾಟಿಸಿದರೆ ಇಆರ್‌ವಿ ನೀರಾವಿಯನ್ನೂ ದಾಟಿಸುತ್ತದೆ ಎಂಬುದು ನಿಜ. ಹಾಗೆಂದು ಅದು ಗಾಳಿಯನ್ನು ಒಣಗಿಸುವ ಯಂತ್ರವಲ್ಲ. ಸೆಖೆಗಾಲದಲ್ಲಿ ಏಸಿ ಒಳಗಿನ ಗಾಳಿಯನ್ನು ಒಣಗಿಸಿಟ್ಟಿದ್ದರೆ ಮಾತ್ರ ಹೊರಗಿನ ತೇವ ಒಳನುಗ್ಗುವುದನ್ನು ಇದು ತಗ್ಗಿಸುತ್ತದೆ. ಏಸಿ ಇಲ್ಲದ ಮನೆಯಲ್ಲಿ ಆ ಕಾಲಕ್ಕೆ ಇದರಿಂದ ಹೆಚ್ಚಿನದನ್ನು ನಿರೀಕ್ಷಿಸಬಾರದು.

ನನ್ನ ದೂರು ಯಂತ್ರದ ಮೇಲಲ್ಲ, ಜೋಡಿಸಿದ ರೀತಿಯ ಮೇಲೆ. ಮಲಗುವ ಕೋಣೆಗಳಿಗೂ ಹಾಲ್‌ಗೂ ಹೊಸ ಗಾಳಿ, ಅಡುಗೆಮನೆ ಮತ್ತು ಬಚ್ಚಲಿನಿಂದ ಹಳೆಯ ಗಾಳಿ ಎಂಬ ಕ್ರಮವನ್ನು ಜೋಡಿಸಿದವರು ಪಾಲಿಸಿದ್ದರು. ಆದರೆ ಮೇಲ್ಛಾವಣಿಯ ತಿರುವಿನಲ್ಲಿ ಮೆದುವಾದ ಡಕ್ಟನ್ನು (ಗಾಳಿ ಸಾಗುವ ಕೊಳವೆಯನ್ನು) ಬಗ್ಗಿಸಿ ತುರುಕಿ, ಎಷ್ಟು ಗಾಳಿ ಹೋಗುತ್ತಿದೆ, ಎಷ್ಟು ಬರುತ್ತಿದೆ ಎಂದು ಅಳೆಯದೆಯೇ ಕೆಲಸ ಮುಗಿಸಿದರು. ಮೊದಲ ಚಳಿಗಾಲವಿಡೀ ಬಾಗಿಲ ಸಂದಿನಿಂದ ತಣ್ಣನೆಯ ಗಾಳಿ ಸುಯ್ಯೆನ್ನುತ್ತಿತ್ತು. ಎರಡನೆಯ ವರ್ಷ ಬೇರೊಬ್ಬ ತಂತ್ರಜ್ಞರು ಗಾಳಿ ಬರುವ ಹೋಗುವ ಪ್ರತಿ ಬಾಯಿಗೂ ಹರಿವು ಅಳೆಯುವ ಬುಟ್ಟಿಯಂಥ ಸಾಧನ ಹಿಡಿದು ನೋಡಿದಾಗ ಒಳಬರುವ ಗಾಳಿ ಹೊರಹೋಗುವುದಕ್ಕಿಂತ ಮೂರನೆಯ ಒಂದು ಪಾಲು ಕಡಿಮೆಯಿತ್ತು. ಆ ಕೊರತೆಯನ್ನು ಮನೆ ಸಂದುಗೊಂದುಗಳಿಂದ ಹೀರಿ ತುಂಬಿಕೊಳ್ಳುತ್ತಿತ್ತು. ಹಾಗೆ ಬಂದ ಗಾಳಿ ಫಿಲ್ಟರನ್ನೂ ಕಾಣುವುದಿಲ್ಲ, ಶಾಖವನ್ನೂ ಪಡೆಯುವುದಿಲ್ಲ. ತಿರುವಿಗೆ ಗಟ್ಟಿ ಡಕ್ಟ್ ಹಾಕಿ, ಎರಡೂ ಹರಿವನ್ನು ಸಮ ಮಾಡಿ, ಕೋಣೆಯಿಂದ ಕೋಣೆಗೆ ಗಾಳಿ ಹರಿಯಲೆಂದು ಒಳಬಾಗಿಲುಗಳ ಕೆಳಗೆ ಒಂದೂವರೆ ಸೆಂಟಿಮೀಟರ್ ಸಂದು ಬಿಡಿಸಿದ ಮೇಲೆ ಸದ್ದೂ ಇಳಿಯಿತು, ಚಳಿಯೂ ನಿಂತಿತು. ಅರ್ಧ ದಿನದ ಕೆಲಸವಷ್ಟೇ.

ಈ ಉತ್ಪನ್ನದ ಮಾರುಕಟ್ಟೆ ಇರುವುದು ಪೆಟ್ಟಿಗೆ ಮಾರುವುದರಲ್ಲಿ ಅಲ್ಲ, ಆ ಅರ್ಧ ದಿನದ ಕೆಲಸದಲ್ಲಿ ಎಂದು ನನಗೆ ಆಗಲೇ ಅನ್ನಿಸಿತು. ಕಟ್ಟಡಗಳು ಬಿಗಿಯಾದಷ್ಟೂ ಯಂತ್ರದ ಬೇಡಿಕೆ ತಾನಾಗಿ ಏರುತ್ತದೆ. ಕೆನಡಾದ ರೆಜೈನಾದಲ್ಲಿ 1977ರಲ್ಲಿ ಕಟ್ಟಿದ ಸಸ್ಕ್ಯಾಚೆವಾನ್ ಕನ್ಸರ್ವೇಶನ್ ಹೌಸ್, ಗಾಳಿಯಿಂದ ಗಾಳಿಗೆ ಶಾಖ ದಾಟಿಸುವ ಉಪಕರಣವನ್ನು ಬಿಗಿಯಾದ ಮನೆಗೆ ಜೋಡಿಸಿ ತೋರಿಸಿತು. 1991ರ ಹೊತ್ತಿಗೆ ಜರ್ಮನಿಯ ಡಾರ್ಮ್‌ಸ್ಟಾಟ್‌ನಲ್ಲಿ ಮೊದಲ ಪ್ಯಾಸಿವ್ ಹೌಸ್ ಸಿದ್ಧವಾಯಿತು. ಐರೋಪ್ಯ ಒಕ್ಕೂಟ 2016ರಿಂದ ಮನೆಯ ವಾತಾಯನ ಯಂತ್ರಗಳಿಗೆ ಶಕ್ತಿ ಲೇಬಲ್ ಕಡ್ಡಾಯ ಮಾಡಿತು. ತಯಾರಕರ ಪಾಲಿನ ಹಾದಿ ಹೀಗೆ ತೆರೆದಿದೆ. ಕೊರತೆಯಿರುವುದು ಹರಿವನ್ನು ಅಳೆದು ಬರೆದುಕೊಡುವ, ಡಕ್ಟ್ ಶುಚಿ ಮಾಡುವ, ವರ್ಷಕ್ಕೊಮ್ಮೆ ಬಂದು ಸಮತೋಲ ನೋಡುವ ಕೈಗಳಿಗೆ. ಒಬ್ಬ ನುರಿತ ತಂತ್ರಜ್ಞ, ಒಂದು ಅಳತೆಯ ಸಾಧನ, ವಾರ್ಷಿಕ ಒಪ್ಪಂದದ ನೂರು ಮನೆಗಳು: ಸಣ್ಣ ಉದ್ಯಮವೊಂದಕ್ಕೆ ಇದು ಗಟ್ಟಿಯಾದ ತಳಹದಿ, ಕೊಂಡವರಿಗೂ ಇದರಿಂದಲೇ ಹೆಚ್ಚು ಉಪಕಾರ.

ಫಿಲ್ಟರುಗಳ ವಿಷಯದಲ್ಲೂ ಅವಕಾಶವಿದೆ. ಹೊಗೆ ದೂಳಿನ ತಿಂಗಳುಗಳಲ್ಲಿ ಫಿಲ್ಟರ್ ಕಟ್ಟಿಕೊಂಡು ನಮ್ಮ ಫ್ಯಾನ್‌ಗಳ ಬಳಕೆ 45ರಿಂದ 62 ವ್ಯಾಟ್‌ಗೆ ಏರಿದ್ದನ್ನು ಮೀಟರಿನಲ್ಲಿ ಕಂಡಿದ್ದೇನೆ. ಬದಲಿಸಲು ಹೋದರೆ ಆ ಅಳತೆಯದು ಆ ತಯಾರಕರ ಬಳಿ ಮಾತ್ರ. ಎಲ್ಲ ಯಂತ್ರಗಳಿಗೂ ಹೊಂದುವ ಕೆಲವೇ ಅಳತೆಗಳಲ್ಲಿ, ಐಎಸ್‌ಒ 16890 (ಗಾಳಿ ಫಿಲ್ಟರುಗಳ ಅಂತರರಾಷ್ಟ್ರೀಯ ಮಾನದಂಡ) ದರ್ಜೆಯನ್ನು ಸ್ಪಷ್ಟವಾಗಿ ಮುದ್ರಿಸಿ ಫಿಲ್ಟರ್ ಮಾಡಿಕೊಡುವವರು ಬಂದರೆ ನಾನಂತೂ ಮೊದಲ ಗಿರಾಕಿ.

ಡಕ್ಟ್ ಎಳೆಯಲಾಗದ ಹಳೆಯ ಮನೆಗಳಿಗೆ ಗೋಡೆಯಲ್ಲಿ ಕೂರುವ ಒಂಟಿ ಕೋಣೆಯ ಯಂತ್ರಗಳಿವೆ. ಒಳಗಿನ ಪಿಂಗಾಣಿಯ ತಿರುಳು ನಿಮಿಷಕ್ಕೊಮ್ಮೆಯಷ್ಟು ದಿಕ್ಕು ಬದಲಿಸುವ ಗಾಳಿಯಿಂದ ಶಾಖವನ್ನು ಹೀರಿ ಮರಳಿಸುತ್ತದೆ. ಬಂಧುಗಳ ಮನೆಯಲ್ಲಿ ಇಂಥದ್ದನ್ನು ನೋಡಿದ್ದೇನೆ, ಕೆಲಸ ಚೆನ್ನಾಗಿದೆ; ರಾತ್ರಿಯ ಸದ್ದು ಮಾತ್ರ ನಮ್ಮದಕ್ಕಿಂತ ಹೆಚ್ಚು.

ಕಳೆದ ವರ್ಷ ಒಂದು ಫ್ಯಾನಿನ ಬೇರಿಂಗ್ ಸವೆದು ಗೊರಗೊರ ಸದ್ದು ಬಂದಿತು. ಮಾದರಿ ನಿಂತುಹೋಗಿದ್ದರೂ ಬಿಡಿ ಫ್ಯಾನ್ ಸಿಕ್ಕಿತು, ಒಂದು ಗಂಟೆಯಲ್ಲಿ ಕೂತಿತು, ಪೊರೆಯ ತಿರುಳು ಇನ್ನೂ ಹಳೆಯದೇ. ಫ್ಯಾನ್ ಬದಲಿಸಿದ ದಿನವೇ ಎಲ್ಲ ಬಾಯಿಗಳ ಹರಿವನ್ನು ಮತ್ತೆ ಅಳೆಸಿದೆವು. ಹೊಸದಾಗಿ ಕೊಳ್ಳುವವರು ಆ ಅಳತೆಯ ಹಾಳೆಯನ್ನು ಕೈಗೆ ಪಡೆಯದೆ ಕೊನೆಯ ಕಂತು ಕೊಡಬಾರದು. ನಮ್ಮದು ಯಂತ್ರದ ಮುಚ್ಚಳದ ಒಳಬದಿಯಲ್ಲಿ ಅಂಟಿದೆ, ಮುಂದೆ ಯಾರು ಬಂದು ಬಿಚ್ಚಿದರೂ ಮೊದಲು ಕಣ್ಣಿಗೆ ಬೀಳುವಂತೆ.