ಮೇಲಿಂದ ಹಚ್ಚುವ ಪೆಲೆಟ್ ಒಲೆ: ತಗೊಳ್ಳಿ, ಆದರೆ ತುಂಬುವ ರೀತಿ ತಿಳ್ಕೊಂಡು

ಫ್ಯಾನ್ ಇಲ್ಲದ ಪೆಲೆಟ್ ಒಲೆ. ಪೆಲೆಟ್ ಅಂದರೆ ಮರದ ಪುಡಿ, ಬೆಳೆಯ ಕಸ ಒತ್ತಿ ಮಾಡಿದ ಸಣ್ಣ ಗಟ್ಟಿ ತುಂಡು. ಹಿತ್ತಲಲ್ಲಿ ಅಡುಗೆಗೂ ಸ್ನಾನದ ನೀರಿಗೂ ಬಳಸುತ್ತಿದ್ದೇವೆ. ಒಲೆ ಚೆನ್ನಾಗಿದೆ. ಜೊತೆಗೆ ಕೊಟ್ಟ ಕಾಗದದಲ್ಲಿ ಮಾತ್ರ ಮುಖ್ಯ ವಿಷಯವೇ ಇಲ್ಲ.

ಡಬ್ಬಿಯ ತುಂಬ ಪೆಲೆಟ್ ಹಾಕಿ ಮೇಲೆ ಬೆಂಕಿ ಹಚ್ಚಬೇಕು. ಕೆಂಪಗಿನ ಒಂದು ತೆಳು ಪದರ ನಿಧಾನಕ್ಕೆ ಕೆಳಗಿಳಿಯುತ್ತದೆ. ಅಲ್ಲಿ ಹುಟ್ಟುವ ಗ್ಯಾಸ್ ಮೇಲೇರಿ, ಕಂಠದ ಸುತ್ತಲಿನ ತೂತುಗಳಿಂದ ಬರುವ ಗಾಳಿ ಸೇರಿ ಉರಿಯುತ್ತದೆ. ಬಿಸಿ ಗಾಳಿ ಹಗುರ, ಮೇಲೆ ಹೋಗುತ್ತದೆ. ಅದೇ ಸೆಳೆತಕ್ಕೆ ತಳದ ತೂತುಗಳಿಂದ ತಣ್ಣನೆ ಗಾಳಿ ಒಳಗೆ ಬರುತ್ತದೆ. ಅಮೆರಿಕದ ವಿಜ್ಞಾನಿ ಟಾಮ್ ರೀಡ್ 1985ರಲ್ಲಿ ಯೋಚಿಸಿದ ವಿಧಾನ ಇದು. ಅದೇ ಪೆಲೆಟ್‌ಗೆ ಕೆಳಗಿನಿಂದ ಬೆಂಕಿ ಕೊಟ್ಟರೆ ಬಿಸಿ ಗ್ಯಾಸ್ ಮೇಲಿನ ಇನ್ನೂ ಉರಿಯದ ಪೆಲೆಟ್ ನಡುವೆ ನುಗ್ಗಿ ಬರೀ ಹೊಗೆ.

ಆ ಪದರ ಮಟ್ಟಸವಾಗಿ ಇಳಿದರೆ ಸರಿ, ಓರೆಯಾದರೆ ಕೆಟ್ಟಿತು. ಚೀಲದ ತಳದ ಪುಡಿಯನ್ನೂ ಸುರಿದುಬಿಟ್ಟರೆ ಪುಡಿ ಕೂತ ಕಡೆ ಗಾಳಿ ಹೋಗುವುದಿಲ್ಲ, ಸಡಿಲ ಇದ್ದ ಕಡೆ ಜಾಸ್ತಿ ಹೋಗುತ್ತದೆ. ಅಲ್ಲಿ ಬೆಂಕಿ ಬೇಗ ಇಳಿದು ಗುಳಿ ಬೀಳುತ್ತದೆ. ಆ ಬದಿ ಆಗಲೇ ಕೆಂಡ, ಈ ಬದಿಯಲ್ಲಿ ಇನ್ನೂ ಪೆಲೆಟ್ ಹಾಗೇ ಇರುತ್ತದೆ, ಜ್ವಾಲೆ ಒಂದು ಕಡೆ ವಾಲಿ ಕಣ್ಣುರಿಯುವ ಹೊಗೆ ಶುರು. ಪುಡಿಯನ್ನು ಜರಡಿ ಹಿಡಿದು ತೆಗೆದು, ಡಬ್ಬಿ ತಟ್ಟಿ ಸಮ ಮಾಡಿ ಹಚ್ಚಿದರೆ ಉರಿ ಕೊನೆವರೆಗೂ ಸುತ್ತ ಒಂದೇ ಸಮ ಇರುತ್ತದೆ. ನೋಡೋಕೇ ಖುಷಿ.

ಇನ್ನೊಂದು, ಅಗಲ ತಳದ ಹಂಡೆ ಕೂರಿಸಿದರೆ ಬಿಸಿ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ. ಸೆಳೆತ ನಿಂತು ಹೊಗೆ. ಇದು ಒಲೆಯದೇ ದೋಷ, ಪಾತ್ರೆ ಕೂರುವ ಕಾಲುಗಳು ತುಂಬಾ ಗಿಡ್ಡ. ಅಂಗಡಿಯವರಿಗೆ ಹೇಳಿದರೆ ಸಣ್ಣ ಪಾತ್ರೆ ಇಡಿ ಅಂದರು. ಸ್ನಾನದ ನೀರಿಗೆ ಸಣ್ಣ ಪಾತ್ರೆ ಸಾಕಾಗುತ್ತಾ? ಕೊನೆಗೆ ಕಬ್ಬಿಣದ ತುಂಡು ಬೆಸೆಸಿ ಎತ್ತರಿಸಿದ ಮೇಲೆ ಸರಿಹೋಯಿತು.

ಉರಿ ಗಿಡ್ಡವಾಗಿ ನೀಲಿಯಾದರೆ ಪದರ ತಳ ಮುಟ್ಟಿ ಬರೀ ಇದ್ದಿಲು ಉಳಿದಿದೆ ಎಂದರ್ಥ. ಆಗ ಒಲೆಯನ್ನು ಮನೆಯೊಳಗೆ ತರಲೇಬೇಡಿ, ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಗಾಳಿ ಜೋರಾಗಿ ಬೀಸುವ ಜಾಗವಾದರೆ ಫ್ಯಾನ್ ಇರುವುದನ್ನೇ ನೋಡಿ. ನಮ್ಮ ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್ಸಿ, ತೈಲ ಕಂಪನಿ ಬಿಪಿ ಜೊತೆ ಸೇರಿ ಮಾಡಿದ ಊರ್ಜಾ ಒಲೆ ಆ ಜಾತಿಯದು, ಗಾಳಿಗೆ ಬಿಸಿಯ ಸೆಳೆತವನ್ನೇ ನಂಬಿ ಕೂರುವುದಿಲ್ಲ. ಹಿತ್ತಲಿಗೆ ಮರೆ ಇದ್ದರೆ ಇದೇ ಸಾಕು.