ಮಗುವಿನ ಬೆಳವಣಿಗೆಯ ಆ್ಯಪ್: ರೇಖೆಗಳನ್ನು ನಂಬಬಹುದು, ಎಚ್ಚರಿಕೆಗಳನ್ನಲ್ಲ

ಮಗಳು ಹುಟ್ಟಿದ ವಾರದಲ್ಲೇ ಫೋನಿಗೆ ಹಾಕಿಕೊಂಡ ಈ ಆ್ಯಪನ್ನು 18 ತಿಂಗಳು ಬಿಡದೆ ಬಳಸಿದ್ದೇನೆ. ತೂಕ, ಉದ್ದ, ತಲೆಯ ಸುತ್ತಳತೆಗಳ ಲೆಕ್ಕವಿಡುವುದರಲ್ಲಿ ಇದು ಅಚ್ಚುಕಟ್ಟು. ಮಗು ಯಾವಾಗ ಏನು ಮಾಡಬೇಕೆಂದು ಹೇಳಹೊರಟಾಗ ಮಾತ್ರ ಹೆತ್ತವರನ್ನು ವಿನಾಕಾರಣ ಹೆದರಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆಯು ಆರು ದೇಶಗಳ ಮಕ್ಕಳನ್ನು ಅಳೆದು 2006ರಲ್ಲಿ ಹೊರತಂದ ಮಾನದಂಡಗಳ ಮೇಲೆಯೇ ಇದರ ರೇಖೆಗಳು ನಿಂತಿವೆ. ತೂಕ 15ನೆಯ ಪರ್ಸೆಂಟೈಲ್‌ನಲ್ಲಿದೆ ಎಂದು ತೋರಿಸುವಾಗ, ಅದು ಪರೀಕ್ಷೆಯ ಅಂಕವಲ್ಲ, ಅದೇ ವಯಸ್ಸಿನ 100 ಹೆಣ್ಣುಮಕ್ಕಳಲ್ಲಿ ಸುಮಾರು 15 ಮಂದಿ ಇವಳಿಗಿಂತ ಕಡಿಮೆ ತೂಗುತ್ತಾರೆ ಎಂದಷ್ಟೇ ಅರ್ಥ ಎಂಬುದನ್ನೂ ಪಕ್ಕದಲ್ಲೇ ತಿಳಿಸುತ್ತದೆ. ಒಮ್ಮೆ ನಾನೊಬ್ಬಳೇ ಟೇಪು ಹಿಡಿದು ಅಳೆದಾಗ ಮಗಳು ಮೊಣಕಾಲು ಮಡಚಿಕೊಂಡಿದ್ದಳು. ಹಿಂದಿನ ತಿಂಗಳಿಗಿಂತ ಉದ್ದ 2 ಸೆಂಟಿಮೀಟರ್ ಕಡಿಮೆ ಬಂತು. ಆ್ಯಪ್ ಅದನ್ನು ಸುಮ್ಮನೆ ಒಪ್ಪಿಕೊಳ್ಳದೆ, ಒಬ್ಬರು ತಲೆಯನ್ನು ನೇರವಾಗಿ ಹಿಡಿದು ಇನ್ನೊಬ್ಬರು ಮೊಣಕಾಲನ್ನು ಮೆಲ್ಲಗೆ ಒತ್ತಿ ಮತ್ತೆ ಅಳೆಯಿರಿ ಎಂದಿತು. ಈ ಕಾಳಜಿ ನನಗೆ ಬಹಳ ಹಿಡಿಸಿತು.

ಆದರೆ ಮೊದಲ ಹುಟ್ಟುಹಬ್ಬದ ಮರುದಿನ ಬೆಳಿಗ್ಗೆ ಕೆಂಪು ಬಣ್ಣದ ಸಂದೇಶವೊಂದು ಬಂತು: ಮಗು ಇನ್ನೂ ನಡೆಯುತ್ತಿಲ್ಲ, ಬೆಳವಣಿಗೆ ಹಿಂದುಳಿದಿದೆ. ಎರಡು ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಮಕ್ಕಳ ವೈದ್ಯರು ಕೇಳಿದ್ದು ಒಂದೇ ಪ್ರಶ್ನೆ: ಇವಳು 34 ವಾರಕ್ಕೇ ಹುಟ್ಟಿದವಳೆಂದು ಅದಕ್ಕೆ ಗೊತ್ತೇ? ಗೊತ್ತಿರಲಿಲ್ಲ, ಏಕೆಂದರೆ ಅದು ಕೇಳಿಯೇ ಇರಲಿಲ್ಲ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಸಾಮಾನ್ಯವಾಗಿ ಎರಡು ವರ್ಷದವರೆಗೆ, ಮುಂಚಿತವಾದ ಅಷ್ಟು ವಾರಗಳನ್ನು ಕಳೆದೇ ವಯಸ್ಸು ಎಣಿಸಬೇಕು. ಅದಿರಲಿ, ಅವಧಿ ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳಲ್ಲಿಯೂ ಆಸರೆಯಿಲ್ಲದ ನಡಿಗೆ ಸುಮಾರು 8 ತಿಂಗಳಿಂದ 18 ತಿಂಗಳೊಳಗೆ ಯಾವಾಗ ಬೇಕಾದರೂ ಶುರುವಾಗುತ್ತದೆ. ಅಂಬೆಗಾಲೇ ಇಡದೆ ಎದ್ದು ನಡೆಯುವ ಮಕ್ಕಳೂ ಇದ್ದಾರೆ. ಸರಾಸರಿಯನ್ನು ಗಡುವೆಂದು ತೋರಿಸುವುದು ತಪ್ಪು. ನನ್ನ ಮಗಳು 15ನೆಯ ತಿಂಗಳಲ್ಲಿ ಮಂಚದ ಅಂಚು ಬಿಟ್ಟು ನಾಲ್ಕು ಹೆಜ್ಜೆ ಇಟ್ಟಳು.

ನಿಜಕ್ಕೂ ತಡಮಾಡದೆ ವೈದ್ಯರಿಗೆ ತಿಳಿಸಬೇಕಾದದ್ದು, ಅಂದರೆ ಮಗು ಕಲಿತಿದ್ದ ಮಾತನ್ನೋ ಚಲನೆಯನ್ನೋ ಕಳೆದುಕೊಳ್ಳುವುದು, ಇದರಲ್ಲಿ ಎಲ್ಲಿಯೂ ಪ್ರಸ್ತಾಪವಾಗಿಲ್ಲ. ನನ್ನ ಪಾಲಿಗೆ ಅದೇ ದೊಡ್ಡ ಕೊರತೆ.

ಈಗ ಎಚ್ಚರಿಕೆಗಳನ್ನೆಲ್ಲ ನಿಲ್ಲಿಸಿ, ರೇಖೆಗಳ ಪುಟವನ್ನಷ್ಟೇ ಉಳಿಸಿಕೊಂಡಿದ್ದೇನೆ. ವೈದ್ಯರ ಬಳಿ ಹೋದಾಗಲೆಲ್ಲ ಮೊದಲು ತೆರೆದು ತೋರಿಸುವುದು ಅದನ್ನೇ.