ಎರಡು ವರ್ಷ ಬಳಸಿದ ಸ್ಟ್ರೀಮಿಂಗ್ ಸ್ಟಿಕ್: ಪದೇ ಪದೇ ಕಡಿದುಹೋಗುತ್ತಿದ್ದ ವೈಫೈ ಮತ್ತು ಅದಕ್ಕಿದ್ದ ಮೂರು ಕಾರಣ

ಎಚ್‌ಡಿಎಂಐ ಪೋರ್ಟ್‌ಗೆ ಸಿಕ್ಕಿಸಿದರೆ ಇಂಟರ್ನೆಟ್‌ನ ಸಿನಿಮಾಗಳನ್ನು ಟಿವಿಯಲ್ಲಿ ತೋರಿಸುವ ಈ ಪುಟ್ಟ ಸ್ಟಿಕ್ ನಮ್ಮ ಟಿವಿಗೆ ಸೇರಿ ಎರಡು ವರ್ಷ ದಾಟಿದೆ. ಕೊಂಡ ಮೊದಲ ವಾರವೇ ವಿಮರ್ಶೆ ಬರೆದಿದ್ದರೆ ಕಣ್ಣು ಮುಚ್ಚಿಕೊಂಡು ಐದು ಸ್ಟಾರ್ ಕೊಡುತ್ತಿದ್ದೆ. ಎಂಟನೇ ತಿಂಗಳಲ್ಲಿ ಬರೆದಿದ್ದರೆ ಒಂದಕ್ಕಿಂತ ಜಾಸ್ತಿ ಕೊಡುತ್ತಿರಲಿಲ್ಲ. ಈಗ ನಾಲ್ಕು ಕೊಡುತ್ತಿದ್ದೇನೆ. ನಡುವೆ ಏನಾಯಿತು ಎಂದು ವಿವರವಾಗಿ ಬರೆಯುತ್ತೇನೆ. ಇದೇ ತೊಂದರೆಯಿಂದ ಬೇಸತ್ತು ಸ್ಟಿಕ್ ಎಸೆಯಲು ಹೊರಟವರು ಅದಕ್ಕೆ ಮೊದಲು ಇದನ್ನೊಮ್ಮೆ ಓದಲಿ ಎಂಬುದೇ ನನ್ನ ಆಸೆ.

ಮೊದಲ ಐದು ತಿಂಗಳು ಯಾವ ತಕರಾರೂ ಇರಲಿಲ್ಲ. ಆಮೇಲೆ ಟಿವಿಯನ್ನು ಸ್ಟ್ಯಾಂಡಿನಿಂದ ತೆಗೆದು ಗೋಡೆಗೆ ಹಾಕಿಸಿದೆವು. ಅದೇ ತಿಂಗಳು ಹೊಸ ರೂಟರ್ ಕೂಡ ಬಂತು. ಅಲ್ಲಿಂದ ಶುರುವಾಯಿತು ಕಾಟ. ಸಿನಿಮಾ ಅರ್ಧಕ್ಕೆ ನಿಂತು ಚಕ್ರ ತಿರುಗುತ್ತಿತ್ತು. ಒಮ್ಮೊಮ್ಮೆ ‘ನೆಟ್‌ವರ್ಕ್ ಸಂಪರ್ಕ ಇಲ್ಲ’ ಎಂಬ ಸಂದೇಶ ಬರುತ್ತಿತ್ತು. ಇನ್ನೊಮ್ಮೆ ಸ್ಟಿಕ್ ತಾನಾಗಿಯೇ ಆಫ್ ಆಗಿ ಮೊದಲಿನಿಂದ ಶುರುವಾಗುತ್ತಿತ್ತು. ಸಹಾಯವಾಣಿಗೆ ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ಫ್ಯಾಕ್ಟರಿ ರೀಸೆಟ್ ಮಾಡಿ ಎಂದರು. ಎರಡು ಸಲ ಮಾಡಿದೆ. ಎಲ್ಲ ಆ್ಯಪ್‌ಗಳಿಗೂ ಹೊಸದಾಗಿ ಲಾಗಿನ್ ಆಗುವ ಕೆಲಸ ಬಂತೇ ಹೊರತು ತೊಂದರೆ ಇದ್ದಲ್ಲೇ ಇತ್ತು.

ನಿಜವಾಗಿ ದಾರಿ ತೋರಿಸಿದ್ದು ಒಂದು ಸಣ್ಣ ನೋಟ್‌ಬುಕ್. ಸಂಪರ್ಕ ಹೋದಾಗಲೆಲ್ಲ ಗಂಟೆ ಎಷ್ಟು, ಪರದೆ ಮೇಲೆ ಏನು ಕಂಡಿತು, ಎಷ್ಟು ಹೊತ್ತಿನಲ್ಲಿ ವಾಪಸ್ ಬಂತು, ಅದೇ ಹೊತ್ತಿಗೆ ಫೋನ್‌ನಲ್ಲಿ ವೈಫೈ ಇತ್ತೋ ಇಲ್ಲವೋ ಎಂದು ಬರೆಯತೊಡಗಿದೆ. ಎರಡು ವಾರ ಬರೆದ ಮೇಲೆ ಗೊತ್ತಾಯಿತು: ಇದು ಒಂದು ತೊಂದರೆ ಅಲ್ಲ, ಮೂರು. ನಾನು ಮೂರನ್ನೂ ಒಂದೇ ಎಂದುಕೊಂಡಿದ್ದರಿಂದಲೇ ಯಾವ ರಿಪೇರಿಯೂ ಫಲ ಕೊಟ್ಟಿರಲಿಲ್ಲ. ಒಂದನ್ನು ಸರಿ ಮಾಡಿದರೆ ಉಳಿದೆರಡು ಹಾಗೇ ಇರುತ್ತಿದ್ದವು, ನಾನು ‘ಇದರಿಂದ ಪ್ರಯೋಜನ ಇಲ್ಲ’ ಎಂದು ಕೈಬಿಡುತ್ತಿದ್ದೆ.

ತಾನಾಗಿ ಆಫ್ ಆಗಿ ಶುರುವಾಗುವುದಕ್ಕೂ ವೈಫೈಗೂ ಸಂಬಂಧವೇ ಇರಲಿಲ್ಲ. ಅದು ಕರೆಂಟಿನ ಕೊರತೆ. ಗೋಡೆಗೆ ಹಾಕುವಾಗ ವೈರ್ ಕಾಣಬಾರದು ಎಂದು ಸ್ಟಿಕ್‌ಗೆ ಕರೆಂಟ್ ಕೊಡುವ ವೈರನ್ನು ಟಿವಿಯದೇ ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಿದ್ದೆವು. ಜೊತೆಗೆ ಬಂದ ಅಡಾಪ್ಟರ್ ಮೇಲೆ 5 ವೋಲ್ಟ್, 1 ಆಂಪಿಯರ್ ಎಂದಿದೆ. ಯುಎಸ್‌ಬಿ 2.0 ಪೋರ್ಟ್‌ನ ಲೆಕ್ಕ 500 ಮಿಲಿಆಂಪಿಯರ್, ಅಂದರೆ ಅದರ ಅರ್ಧ. ಮೆನು ನೋಡುವಾಗ ಅಷ್ಟು ಸಾಕಾಗುತ್ತದೆ. ವಿಡಿಯೊ ಶುರುವಾದಾಗ ಪ್ರೊಸೆಸರ್, ವೈಫೈ ಎರಡೂ ಒಟ್ಟಿಗೆ ಎಳೆಯುತ್ತವೆ, ಆಗ ಸಾಲುವುದಿಲ್ಲ. ಟಿವಿ ಆಫ್ ಮಾಡಿದರೆ ಸ್ಟಿಕ್‌ಗೂ ಕರೆಂಟ್ ಹೋಗುತ್ತಿತ್ತು. ಹಾಗಾಗಿ ರಾತ್ರಿ ತಾನಾಗಿ ಆಗಬೇಕಿದ್ದ ಅಪ್‌ಡೇಟ್‌ಗಳೂ ಆಗಿರಲಿಲ್ಲ. ಅಡಾಪ್ಟರನ್ನು ಗೋಡೆಯ ಪ್ಲಗ್‌ಗೆ ಹಾಕಿದ ದಿನದಿಂದ ಸ್ಟಿಕ್ ಒಮ್ಮೆಯೂ ಹಾಗೆ ಶುರುವಾಗಿಲ್ಲ.

ಚಕ್ರ ತಿರುಗುವುದು ಎರಡನೆಯದು. ಫೋನನ್ನು ಟಿವಿ ಮುಂದೆ ಹಿಡಿದರೆ ಸಿಗ್ನಲ್ ಚೆನ್ನಾಗಿರುತ್ತಿತ್ತು, ಸ್ಟಿಕ್‌ನ ನೆಟ್‌ವರ್ಕ್ ಪುಟದಲ್ಲಿ ಮಾತ್ರ ‘ದುರ್ಬಲ’ ಎಂದು ತೋರಿಸುತ್ತಿತ್ತು. ಕಾರಣ ಸ್ಟಿಕ್ ಕೂತ ಜಾಗ. ಟಿವಿಯ ಹಿಂದೆ ಲೋಹದ ತಗಡು, ಗೋಡೆಗೂ ಟಿವಿಗೂ ನಡುವೆ ನಾಲ್ಕು ಬೆರಳಿನಷ್ಟು ಜಾಗ, ಅದರೊಳಗೆ ಸ್ಟಿಕ್. ಪಕ್ಕದ ಪೋರ್ಟ್‌ನಲ್ಲೇ ಒಂದು ಯುಎಸ್‌ಬಿ 3.0 ಹಾರ್ಡ್ ಡಿಸ್ಕ್ ಬೇರೆ. ಇಂಥ ಡಿಸ್ಕ್ ಮತ್ತು ಕೇಬಲ್‌ಗಳಿಂದ ವೈಫೈ ಬಳಸುವ ರೇಡಿಯೊ ಪಟ್ಟಿಗಳಲ್ಲಿ ಒಂದಾದ 2.4 ಗಿಗಾಹರ್ಟ್ಸ್‌ನಲ್ಲಿ ಗದ್ದಲ (ಸಿಗ್ನಲ್‌ಗೆ ಅಡ್ಡಿ) ಏಳುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿತ್ತು. ನಮ್ಮ ಸ್ಟಿಕ್ ಆಗ ಬಳಸುತ್ತಿದ್ದದ್ದು ಅದೇ 2.4. ರಿಮೋಟ್ ಕೂಡ ಬ್ಲೂಟೂತ್‌ನದು, ಬ್ಲೂಟೂತ್ ಓಡುವುದೂ 2.4ರಲ್ಲೇ. ವಿಡಿಯೊ ನಿಂತಾಗಲೆಲ್ಲ ರಿಮೋಟ್ ಒತ್ತಿದರೂ ತಡವಾಗುತ್ತಿದ್ದದ್ದು ಯಾಕೆ ಎಂದು ಆಗ ಹೊಳೆಯಿತು. ನಿಮ್ಮಲ್ಲೂ ಈ ಎರಡೂ ಒಟ್ಟಿಗೆ ಆಗುತ್ತಿದ್ದರೆ ಇಂಟರ್ನೆಟ್ ಕಂಪನಿಗೆ ಫೋನ್ ಮಾಡುವ ಮೊದಲು ಟಿವಿಯ ಹಿಂದೆ ನೋಡಿ.

ಇದಕ್ಕೆ ಮದ್ದು ಪೆಟ್ಟಿಗೆಯಲ್ಲೇ ಇತ್ತು. ಸ್ಟಿಕ್‌ಗೂ ಟಿವಿಗೂ ನಡುವೆ ಹಾಕುವ, ಗೇಣುದ್ದವೂ ಇಲ್ಲದ ಎಚ್‌ಡಿಎಂಐ ಎಕ್ಸ್‌ಟೆಂಡರ್ ಕೇಬಲ್. ‘ಪೋರ್ಟ್ ಇಕ್ಕಟ್ಟಾಗಿದ್ದರೆ ಬಳಸಿ’ ಎಂದು ಕೈಪಿಡಿಯಲ್ಲಿದೆ. ನಮ್ಮ ಪೋರ್ಟ್ ಇಕ್ಕಟ್ಟಾಗಿರಲಿಲ್ಲ, ಅದಕ್ಕೆ ಡ್ರಾಯರ್‌ಗೆ ಹಾಕಿಟ್ಟಿದ್ದೆ. ಅದನ್ನು ಹಾಕಿ ಸ್ಟಿಕ್ಕನ್ನು ಟಿವಿಯ ಅಂಚಿನಿಂದ ಸ್ವಲ್ಪ ಹೊರಗೆ ಇಣುಕುವ ಹಾಗೆ ಮಾಡಿದೆ. ಡಿಸ್ಕ್ ತೆಗೆದೆ. ‘ದುರ್ಬಲ’ ಹೋಗಿ ‘ಉತ್ತಮ’ ಆಯಿತು. ದಯವಿಟ್ಟು ಆ ತುಂಡು ಕೇಬಲ್ಲನ್ನು ಸುಮ್ನೆ ಎಸೆಯಬೇಡಿ. ನಂತರ ಸ್ಟಿಕ್ಕನ್ನು ವೈಫೈನ ಇನ್ನೊಂದು ಪಟ್ಟಿಯಾದ 5 ಗಿಗಾಹರ್ಟ್ಸ್‌ಗೂ ಬದಲಾಯಿಸಿದೆ. ರೂಟರ್ ದೂರ ಇದ್ದು 2.4ರಲ್ಲೇ ಇರಬೇಕಾದವರು ರೂಟರ್ ಸೆಟ್ಟಿಂಗ್ಸ್‌ನಲ್ಲಿ ಚಾನೆಲ್ (ಪಟ್ಟಿಯೊಳಗಿನ ಒಂದು ಓಣಿ ಇದ್ದ ಹಾಗೆ) 1, 6, 11ರಲ್ಲಿ ಖಾಲಿ ಇರುವುದನ್ನು ಆರಿಸಿಕೊಳ್ಳಿ, ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್ ಇಡಿ. ಆ ಮೂರು ಒಂದರ ಮೇಲೊಂದು ಬೀಳುವುದಿಲ್ಲ.

5ಕ್ಕೆ ಹೋದ ಮೇಲೆ ಮೂರನೆಯ ತೊಂದರೆ ಜಾಸ್ತಿಯಾಯಿತು! ದಿನಕ್ಕೊಮ್ಮೆಯೋ ಎರಡು ದಿನಕ್ಕೊಮ್ಮೆಯೋ ಸಂಪರ್ಕ ಪೂರ್ತಿ ಹೋಗುತ್ತಿತ್ತು, ಒಂದು ನಿಮಿಷದ ಆಸುಪಾಸಿನಲ್ಲಿ ವಾಪಸ್ ಬರುತ್ತಿತ್ತು. ಆಗ ಫೋನ್‌ನಲ್ಲೂ ವೈಫೈ ಇರುತ್ತಿರಲಿಲ್ಲ. ಅಂದರೆ ಇದು ಸ್ಟಿಕ್‌ನ ತಪ್ಪಲ್ಲ, ಅಲ್ವಾ? ರೂಟರ್‌ನ ಸೆಟ್ಟಿಂಗ್ಸ್ ಪುಟ ತೆಗೆದು ಲಾಗ್, ಅಂದರೆ ಯಾವಾಗ ಏನಾಯಿತು ಎಂಬ ದಾಖಲೆ ನೋಡಿದೆ. ನನ್ನ ನೋಟ್‌ಬುಕ್‌ನಲ್ಲಿದ್ದ ಹೊತ್ತಿಗೇ ಅಲ್ಲಿ ‘ರಾಡಾರ್ ಡಿಟೆಕ್ಟೆಡ್’ (ರಾಡಾರ್ ಪತ್ತೆಯಾಗಿದೆ) ಎಂಬ ಸಾಲುಗಳಿದ್ದವು. ಸಂಜೆ ಏಳೂಕಾಲಿಗೆ ನಾನು ಬರೆದದ್ದು, ಅಲ್ಲೂ ಏಳೂಕಾಲು. ತಿಂಗಳುಗಟ್ಟಲೆ ಹುಡುಕಿದ್ದು ಕೊನೆಗೂ ಕಣ್ಣೆದುರು ಕಂಡಾಗ ಆದ ಸಮಾಧಾನ ಅಷ್ಟಿಷ್ಟಲ್ಲ.

5 ಗಿಗಾಹರ್ಟ್ಸ್‌ನಲ್ಲಿ 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹಲವು ದೇಶಗಳಲ್ಲಿ ಹವಾಮಾನ ರಾಡಾರ್ ಮತ್ತು ಇತರ ರಾಡಾರ್‌ಗಳ ಜೊತೆ ಹಂಚಿಕೊಳ್ಳಬೇಕು. ಮೊದಲ ಹಕ್ಕು ರಾಡಾರಿನದು. ಅದರ ಸುಳಿವು ಸಿಕ್ಕರೆ ರೂಟರ್ 10 ಸೆಕೆಂಡಿನೊಳಗೆ ಆ ಚಾನೆಲ್ ಬಿಡಬೇಕು. ಇಂಥ ಇನ್ನೊಂದು ಚಾನೆಲ್‌ಗೆ ಹೋಗುವುದಾದರೆ ಕನಿಷ್ಠ 60 ಸೆಕೆಂಡು ಸುಮ್ಮನೆ ಆಲಿಸಿ, ಅಲ್ಲೂ ರಾಡಾರ್ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ನಮ್ಮನೆಯಲ್ಲಿ ಕಳೆದುಹೋಗುತ್ತಿದ್ದ ಆ ಒಂದು ನಿಮಿಷ ಇದೇ. ಕೆಲವು ಸಲ ಬೇರೆ ಯಾವುದೋ ಸಿಗ್ನಲ್ಲನ್ನೇ ರೂಟರ್ ರಾಡಾರ್ ಎಂದುಕೊಳ್ಳುವುದೂ ಉಂಟು. ನಿಯಮ ಸರಿಯಾಗಿಯೇ ಇದೆ, ಅದರ ಮೇಲೆ ನನಗೆ ದೂರಿಲ್ಲ. ಹೊಸ ರೂಟರ್ ಆ ಭಾಗವನ್ನು ತಾನೇ ಆರಿಸಿಕೊಂಡಿತ್ತು, ಅಷ್ಟೇ.

ಚಾನೆಲ್ಲನ್ನು ‘ಆಟೋ’ದಿಂದ ತೆಗೆದು 36ಕ್ಕೆ ಇಟ್ಟೆ. ಇಲ್ಲಿ ಒಂದು ಎಚ್ಚರಿಕೆ. ಅಗಲ 80 ಮೆಗಾಹರ್ಟ್ಸ್ ಇದ್ದರೆ 36ರಿಂದ 48ರೊಳಗೇ ಉಳಿಯುತ್ತದೆ. 160 ಇಟ್ಟರೆ 64ರವರೆಗೆ ಹರಡುತ್ತದೆ, ಅಂದರೆ ಮತ್ತೆ ರಾಡಾರ್ ಇರುವ ಕಡೆಗೇ ಕಾಲಿಟ್ಟ ಹಾಗೆ. ನಾನು ಮೊದಲು ಚಾನೆಲ್ ಮಾತ್ರ ಬದಲಾಯಿಸಿ ಅಗಲ ಹಾಗೇ ಬಿಟ್ಟಿದ್ದೆ, ಹಾಗಾಗಿ ಇನ್ನೂ ಒಂದು ವಾರ ತೊಂದರೆ ಮುಂದುವರಿಯಿತು. ಅಗಲ ಇಳಿಸಿದರೆ ವೇಗ ಕಡಿಮೆಯಾಗುತ್ತದೆ ಎಂಬ ಚಿಂತೆ ಬೇಡ. 4ಕೆ ವಿಡಿಯೊಗೆ ನೆಟ್‌ಫ್ಲಿಕ್ಸ್ ಕೇಳುವುದೇ 15 ಎಂಬಿಪಿಎಸ್.

ರೂಟರ್ ಟಿವಿಯ ಹತ್ತಿರವೇ ಇದ್ದರೆ ಇಷ್ಟೆಲ್ಲ ಕಷ್ಟವೂ ಬೇಡ. ನಿಮ್ಮ ಸ್ಟಿಕ್‌ಗೆ ಹೊಂದುವ ಈಥರ್ನೆಟ್ ಅಡಾಪ್ಟರ್ ಸಿಗುತ್ತದೆಯೇ ನೋಡಿ, ಕೇಬಲ್ ಹಾಕಿಬಿಡಿ. ಅವುಗಳಲ್ಲಿ ಹೆಚ್ಚಿನವು 100 ಎಂಬಿಪಿಎಸ್‌ನವು, ಅಷ್ಟು ಧಾರಾಳ ಸಾಕು.

ಉಳಿದಂತೆ ಈ ಸ್ಟಿಕ್ ಬಗ್ಗೆ ಒಳ್ಳೆಯ ಮಾತೇ ಇದೆ. ಚಿತ್ರ ಸ್ಪಷ್ಟ, ರಿಮೋಟ್ ಗಟ್ಟಿ, ಎರಡು ವರ್ಷಕ್ಕೂ ಮೆನು ನಿಧಾನವಾಗಿಲ್ಲ. ಬಳಸದ ಆ್ಯಪ್‌ಗಳನ್ನು ಆಗಾಗ ತೆಗೆಯುತ್ತಿರಬೇಕು, ಒಳಗಿನ ಜಾಗ ಕಡಿಮೆ.

ಒಂದು ಸ್ಟಾರ್ ಕಡಿಮೆ ಮಾಡಿದ್ದು ಆ ಸಂದೇಶಕ್ಕೆ. ಸಿಗ್ನಲ್ ದುರ್ಬಲವಾದರೂ, ರೂಟರೇ ಚಾನೆಲ್ ಬಿಟ್ಟು ಹೋದರೂ ಪರದೆ ಮೇಲೆ ಬರುವುದು ಅದೇ ‘ನೆಟ್‌ವರ್ಕ್ ಸಂಪರ್ಕ ಇಲ್ಲ’. ಕರೆಂಟ್ ಸಾಲದೆ ಆಫ್ ಆದಾಗ ಅದೂ ಇಲ್ಲ. ವೈಫೈ ಹೆಸರೇ ಕಾಣುತ್ತಿಲ್ಲ, ಹೆಸರು ಕಾಣುತ್ತಿದೆ ಆದರೆ ಸಿಗ್ನಲ್ ಸಾಲದು, ಪವರ್ ಕಡಿಮೆ ಇದೆ ಎಂದು ಬೇರೆ ಬೇರೆಯಾಗಿ ತೋರಿಸಿದ್ದರೆ ನಾನು ಮೊದಲ ವಾರವೇ ಸರಿಯಾದ ಜಾಗದಲ್ಲಿ ಹುಡುಕುತ್ತಿದ್ದೆ. ಕಂಪನಿಗೆ ಇದನ್ನೇ ಬರೆದು ಕಳಿಸಿದ್ದೇನೆ, ನೋಟ್‌ಬುಕ್‌ನ ಎರಡು ಪುಟಗಳ ಫೋಟೊ ಸಮೇತ.